ಡಮಾಸ್ಕಸ್ ಚಾಕು: ಗೆರೆಗೆ ಮರುಳಾಗುವ ಮುನ್ನ

ಅಲಗಿನ ಮೇಲೆ ಅಲೆಯಂಥ ಗೆರೆಗಳಿರುವ ಡಮಾಸ್ಕಸ್ ಚಾಕು ಕೊಳ್ಳುವಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಿ. ಅಲಗಿನ ಗೆರೆಗಳು ಉಕ್ಕಿನೊಳಗಿನಿಂದ ಬಂದವೋ, ಮೇಲೆ ಬರೆದವೋ? ಆ ಉಕ್ಕಿನಲ್ಲಿ ಹರಿತ ನಿಲ್ಲುತ್ತದೋ ಇಲ್ಲವೋ? ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ಎರಡನೆಯದನ್ನು ಮರೆಯುವವರೇ ಹೆಚ್ಚು. ಗೆರೆ ಅಸಲಿಯಾಗಿದ್ದೂ ಟೊಮೆಟೊ ಸಿಪ್ಪೆ ಸೀಳಲಾರದ ಚಾಕುಗಳು ಬೇಕಾದಷ್ಟಿವೆ.

ಇಂದು ಈ ಹೆಸರಿನಲ್ಲಿ ಸಿಗುವುದು ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಜೋಡಿಸಿ, ಕಾಯಿಸಿ, ಬಡಿದು ಬೆಸೆದದ್ದು. ದಕ್ಷಿಣ ಭಾರತ, ಶ್ರೀಲಂಕಾಗಳಲ್ಲಿ ಮೂಸೆಯಲ್ಲಿ ತಯಾರಾಗುತ್ತಿದ್ದ, ಹಳೆಯ ಡಮಾಸ್ಕಸ್ ಕತ್ತಿಗಳ ವೂಟ್ಜ್ ಉಕ್ಕು ಬೇರೆ. ಅದರ ಗೆರೆ ಕಾರ್ಬೈಡ್ (ಲೋಹ, ಇಂಗಾಲ ಕೂಡಿದ ಗಡಸು ವಸ್ತು) ಕಣಗಳ ಸಾಲಿನಿಂದ ಮೂಡುವಂಥದ್ದು. ಈಗಿನ ಸಾಮಾನ್ಯ ಜೋಡಿ 1095 ಅಥವಾ 1084, ಜೊತೆಗೆ 15ಎನ್20; ಇವೆಲ್ಲ ಉಕ್ಕಿನ ಬಗೆಗಳ ಹೆಸರು. ಎರಡನೆಯದರಲ್ಲಿ ಸುಮಾರು ಶೇ 2ರಷ್ಟು ನಿಕಲ್ ಇರುವುದರಿಂದ, ಲೋಹವನ್ನು ಕೊರೆಯುವ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿದಾಗ ಅದು ಬೆಳ್ಳಗೆ ಉಳಿದು, ಇನ್ನೊಂದು ಕಪ್ಪಾಗುತ್ತದೆ.

ಮೊದಲು ಕಣ್ಣಿನ ಪರೀಕ್ಷೆ

ಅಲಗಿನ ಬೆನ್ನು ನೋಡಿ. ಪದರಗಳು ನಿಜವಾದರೆ ಗೆರೆ ಬೆನ್ನಿನ ಮೇಲೂ ಹಾದು ಆಚೆ ಬದಿಗೆ ಇಳಿಯಬೇಕು. ಬೆನ್ನು ಬೋಳಾಗಿದ್ದರೆ ಅನುಮಾನಿಸಿ. ಆದರೆ ಉಜ್ಜಿ ಹೊಳಪು ಕೊಟ್ಟ ಬೆನ್ನಿನಲ್ಲಿ ಗೆರೆ ಮಸುಕಾಗಿರುವುದೂ ಉಂಟು. ಒಂದೇ ವಿನ್ಯಾಸ ಅಚ್ಚೊತ್ತಿದಂತೆ ಮತ್ತೆ ಮತ್ತೆ ಬಂದರೆ, ಅಥವಾ ಎರಡು ಚಾಕುಗಳ ಗೆರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದರೆ, ಅದು ಲೇಸರ್ ಅಥವಾ ಆಮ್ಲದಲ್ಲಿ ಬರೆದದ್ದು.

ಇನ್ನು ಹರಿತದ ಅಂಚು. ಗೆರೆ ಅಂಚಿನವರೆಗೂ ಬಾರದೆ ಅಲೆಯಂಥ ಗಡಿಯಲ್ಲಿ ನಿಂತರೆ ಅದು ನಕಲಿಯೆಂದಲ್ಲ. ನಡುವೆ ಒಂದೇ ಉಕ್ಕಿನ ತಿರುಳಿಟ್ಟು ಇಕ್ಕೆಲಗಳಲ್ಲಿ ಪದರ ಹೊದಿಸಿದ ಚಾಕು ಅದು. ‘67 ಪದರ’ ಎಂದರೆ ಸಾಮಾನ್ಯವಾಗಿ ಎರಡೂ ಕಡೆ ತಲಾ 33, ನಡುವೆ ಒಂದು. ಕತ್ತರಿಸುವುದು ಆ ಒಂದೇ. ಹಾಗಾಗಿ ಪದರದ ಲೆಕ್ಕ ಬಿಟ್ಟು ತಿರುಳಿನ ಹೆಸರು ಕೇಳಿ. ವಿಜಿ-10 ಎಂಬ ಸ್ಟೇನ್‌ಲೆಸ್ ಉಕ್ಕು ಇದ್ದರೆ 60 ಎಚ್‌ಆರ್‌ಸಿ (ಗಡಸುತನ ಅಳೆಯುವ ರಾಕ್‌ವೆಲ್ ಮಾಪನ) ಆಸುಪಾಸಿನ ಗಡಸುತನ ನಿರೀಕ್ಷಿಸಬಹುದು.

ಆಮ್ಲದ ಪರೀಕ್ಷೆ

ಚಾಕು ನಿಮ್ಮದೇ ಆಗಿದ್ದರೆ ಮಾತ್ರ ಇದು. ಹಿಡಿಯ ಹತ್ತಿರ ಉಗುರಿನಷ್ಟು ಜಾಗವನ್ನು 400, ಆಮೇಲೆ 600ರ ಮರಳುಕಾಗದದಿಂದ ಗೆರೆ ಪೂರ್ತಿ ಅಳಿಯುವವರೆಗೆ ಉಜ್ಜಿ. ಅರೆಬರೆ ಉಜ್ಜಿದರೆ ಆಳವಾಗಿ ಕೊರೆದ ನಕಲಿ ಗೆರೆ ಉಳಿದುಕೊಂಡು ದಾರಿ ತಪ್ಪಿಸುತ್ತದೆ. ಅಸಿಟೋನ್‌ನಿಂದ ಜಿಡ್ಡು ತೆಗೆಯಿರಿ. ಬೆರಳ ಗುರುತಿದ್ದರೂ ಕಲೆಕಲೆಯಾಗುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು, ಗಾಳಿಯಾಡುವ ಕಡೆ, ಪ್ಲಾಸ್ಟಿಕ್ ಪಾತ್ರೆಯಲ್ಲಿ ನಾಲ್ಕು ಪಾಲು ನೀರಿಗೆ ಒಂದು ಪಾಲು ಫೆರಿಕ್ ಕ್ಲೋರೈಡ್ ದ್ರಾವಣ ಬೆರೆಸಿ. ಒಂದೆರಡು ಹನಿ ಹಾಕಿ ಐದರಿಂದ ಹತ್ತು ನಿಮಿಷ ಬಿಡಿ. ನೀರಿನಲ್ಲಿ ತೊಳೆದು, ಅಡುಗೆ ಸೋಡಾ ಕಲಸಿದ ನೀರು ಹಚ್ಚಿ, ಮತ್ತೆ ತೊಳೆದು, ಒರಸಿ ಎಣ್ಣೆ ಸವರಿ. ಗೆರೆ ಮರಳಿ ಬಂದರೆ ಪದರ ನಿಜ; ಒಂದೇ ಬೂದುಬಣ್ಣ ಬಂದರೆ ಮೋಸ. ಸ್ಟೇನ್‌ಲೆಸ್ ಡಮಾಸ್ಕಸ್ ನಿಧಾನವಾಗಿ ಬಣ್ಣ ತಳೆಯುತ್ತದೆ, ತೀರ್ಪಿಗೆ ಅವಸರ ಬೇಡ.

ಉಕ್ಕು ಹದವಾಗಿದೆಯೇ?

ಅಗ್ಗದ ಡಮಾಸ್ಕಸ್ ಸೋಲುವುದು ಇಲ್ಲೇ. ಅಂಚಿನ ಹಿಂತುದಿಯಲ್ಲಿ ಸಣ್ಣ ಹಲ್ಲಿನ ಹೊಸ ಅರವನ್ನು ಹಗುರವಾಗಿ ಎರಡು ಮೂರು ಸಲ ಎಳೆಯಿರಿ. ಜಾರಿದರೆ ಉಕ್ಕು ಗಡಸು; ಕಚ್ಚಿ ಪುಡಿ ಉದುರಿಸಿದರೆ ಮೆದು. ಆಮೇಲೆ ಹಿತ್ತಾಳೆ ಸರಳಿನ ಮೇಲೆ ಅಂಚನ್ನು ಸಾಣೆ ಹಿಡಿಯುವ ಕೋನದಲ್ಲಿ ಒತ್ತಿ ಜಾರಿಸಿ. ಬಾಗಿ ನೆಟ್ಟಗಾದರೆ ಹದ ಸರಿ. ಬಾಗಿದಂತೆಯೇ ಉಳಿದರೆ ಗಡಸು ಸಾಲದು, ಅಂಚು ಚೂರಾಗಿ ಮುರಿದರೆ ಗಡಸು ಹೆಚ್ಚಾಗಿದೆ.

ಗೆರೆಗಳ ನಡುವೆ ಉಗುರಿಗೆ ತಗಲುವ ಕಪ್ಪು ಸೀಳು ಇದ್ದರೆ ಬೆಸುಗೆ ಕೂಡಿಲ್ಲ. ಬಡಿಯುವಾಗ ಕಿಟ್ಟ ಸಿಕ್ಕಿಕೊಂಡಿರಬಹುದು, ಶಾಖ ಸಾಲದೆ ಹೋಗಿರಬಹುದು. ಆ ಸೀಳು ಅಂಚಿಗೆ ಬಂದರೆ ಎಷ್ಟು ಸಾಣೆ ಹಿಡಿದರೂ ಪ್ರಯೋಜನವಿಲ್ಲ.

ಗಡಸು ಪದರ ಕೊಯ್ಯುತ್ತದೆ, ಮೆದು ಪದರ ಬಾಗುತ್ತದೆ ಎಂಬ ಮಾರಾಟದ ಮಾತನ್ನು ಅಷ್ಟಾಗಿ ನಂಬಬೇಡಿ. ಬೆಸುಗೆಯ ಶಾಖದಲ್ಲಿ ಇಂಗಾಲ ಪದರದಿಂದ ಪದರಕ್ಕೆ ಹರಿದು ಬಹುಮಟ್ಟಿಗೆ ಸಮನಾಗಿಬಿಡುತ್ತದೆ. ಪದರ ಹೆಚ್ಚಿದಷ್ಟೂ ಗೆರೆ ನವಿರಾಗುತ್ತದೆ, ಅಷ್ಟೇ. ಮಾರುವವರು ಎರಡೂ ಉಕ್ಕಿನ ಹೆಸರು, ಎಚ್‌ಆರ್‌ಸಿ ಅಂಕಿ ಹೇಳದೆ ಪದರಗಳನ್ನೇ ಎಣಿಸುತ್ತಿದ್ದರೆ ಚಾಕು ಅಲ್ಲೇ ಇಟ್ಟು ಬನ್ನಿ.