ಜೋರ್ಡಾನ್ ಉಂಗುರ ಬೇಕಾದವರು ಹೆಲ್‌ಗೆ ಹೋಗಬೇಡಿ

ಡಯಾಬ್ಲೊ 2 ಕಂಪ್ಯೂಟರ್ ಆಟದಲ್ಲಿ ಸ್ಟೋನ್ ಆಫ್ ಜೋರ್ಡಾನ್ ಎಂಬ ಅಪರೂಪದ ಉಂಗುರ ಹುಡುಕುತ್ತಿದ್ದರೆ, ಅತಿ ಕಷ್ಟದ ಹಂತವಾದ ಹೆಲ್‌ನ ಬಾಸ್ ಆಂಡೇರಿಯಲ್‌ಳನ್ನು ಬಿಟ್ಟು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ನೈಟ್‌ಮೇರ್‌ನವಳನ್ನು ಕೊಲ್ಲಿ. ಕಷ್ಟ ಹೆಚ್ಚಾದಷ್ಟೂ ಸಾಮಾನು ಒಳ್ಳೆಯದು ಎಂದು ನಂಬಿದವರಿಗೆ ಇದು ತಲೆಕೆಳಗಾದ ಮಾತು. ನನ್ನ ತಮ್ಮನೂ ನಂಬಲಿಲ್ಲ. ಹೆಲ್‌ನಲ್ಲೇ ಒದ್ದಾಡುತ್ತಾ ಆಗಾಗ ಫೋನ್ ಮಾಡಿ, "ಅಕ್ಕಾ, ನನ್ನ ಹಣೆಬರಹಾನೇ ಸರಿ ಇಲ್ಲ ಕಣೇ" ಅನ್ನುತ್ತಾನೆ. ನಾನು ಅಕೌಂಟ್ಸ್ ಕೆಲಸದವಳು. ಹಣೆಬರಹದ ಮಾತು ಬಂದಾಗ ಮೊದಲು ಲೆಕ್ಕದ ಪುಸ್ತಕ ತೆಗಿ ಅನ್ನುವವಳು.

ಆಟ ಬಂದದ್ದು 2000ದಲ್ಲಿ, 2021ರಲ್ಲಿ ರಿಸರೆಕ್ಟೆಡ್ ಎಂಬ ಹೆಸರಲ್ಲಿ ಹೊಸ ಬಣ್ಣ ಬಳಿದುಕೊಂಡಿತು. ಸತ್ತ ರಾಕ್ಷಸರಿಂದ ಲೂಟ್, ಅಂದರೆ ಸಾಮಾನು, ಬೀಳಿಸುವ ಒಳಯಂತ್ರ ಮಾತ್ರ ಬಹುಪಾಲು ಹಳೆಯದೇ. ಅದನ್ನು ಚೀಟಿ ಎತ್ತುವ ಆಟ ಅಂದುಕೊಳ್ಳಿ. ಪ್ರತಿ ರಾಕ್ಷಸನಿಗೂ ಒಂದು ಪೆಟ್ಟಿಗೆ ಇದೆ, ಆಟದ ಕಡತದಲ್ಲಿ ಅದರ ಹೆಸರು ಟ್ರೆಷರ್ ಕ್ಲಾಸ್. ಅವನು ಸತ್ತಾಗ ಆಟ ಅದರಿಂದ ಚೀಟಿ ಎತ್ತುತ್ತದೆ. ಮೊದಲ ಆ್ಯಕ್ಟಿನ (ಆಟದ ಮೊದಲ ಭಾಗದ) ಶುರುವಿನ ಸಾಮಾನ್ಯ ರಾಕ್ಷಸನ ಪೆಟ್ಟಿಗೆಯಲ್ಲಿ 160 ಚೀಟಿ. ಅದರಲ್ಲಿ 100 ಖಾಲಿ! 21 ಚಿನ್ನದ್ದು, 21 ಪೋಷನ್, ಬಾಣದಂಥ ಚಿಲ್ಲರೆಯದು, 16 ಆಯುಧ ಮತ್ತು ಕವಚದ್ದು, ಉಳಿದ 2 ಮಾತ್ರ ರತ್ನ, ರೂನ್ (ಆಯುಧ, ಕವಚಗಳಲ್ಲಿ ಕೂರಿಸುವ ಮಂತ್ರದ ಕಲ್ಲು) ಮುಂತಾದವು ಇರುವ ಪೆಟ್ಟಿಗೆಗೆ ದಾರಿ. ಚಿನ್ನದ್ದು ಬಿಟ್ಟರೆ ಉಳಿದ ಚೀಟಿಗಳಲ್ಲಿ ವಸ್ತುವಿನ ಹೆಸರೇ ಇರುವುದಿಲ್ಲ, 'ಇಂಥ ಪೆಟ್ಟಿಗೆ ತೆರೆ' ಎಂದಷ್ಟೇ ಇರುತ್ತದೆ. ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು.

ಆಫ್‌ಲೈನ್ ಆಡುವವರು ಮೊದಲು ಕೈ ಹಾಕಬೇಕಾದದ್ದು ಆ ಖಾಲಿ ಚೀಟಿಗಳಿಗೆ. ಆಟಗಾರರ ಸಂಖ್ಯೆ ಹೆಚ್ಚಿದರೆ ಖಾಲಿ ಚೀಟಿ ಕಡಿಮೆಯಾಗುತ್ತದೆ. ಒಬ್ಬರೇ ಆಡುವಾಗಲೂ ಚಾಟ್ ತೆರೆದು ಸ್ಲ್ಯಾಶ್ ಹಾಕಿ ಪ್ಲೇಯರ್ಸ್ 7 ಎಂದು ಕೊಟ್ಟರೆ ಆಟ ಏಳು ಜನ ಇದ್ದಾರೆಂದೇ ಭಾವಿಸುತ್ತದೆ. ಮೇಲಿನ ಪೆಟ್ಟಿಗೆಯಲ್ಲಿ ಬರಿಗೈ ಸಾಧ್ಯತೆ ಶೇ. 62.5 ಇದ್ದದ್ದು ಸುಮಾರು ಶೇ. 15ಕ್ಕೆ ಇಳಿಯುತ್ತದೆ. 8 ಕೊಡಬೇಡಿ. ಈ ಲೆಕ್ಕ ಬದಲಾಗುವುದು 1, 3, 5, 7ರಲ್ಲಿ ಮಾತ್ರ. 8ಕ್ಕೆ ಹೋದರೆ ಡ್ರಾಪ್ ಅಷ್ಟೇ ಇದ್ದು ರಾಕ್ಷಸರ ಜೀವ ಮಾತ್ರ ಬೆಳೆಯುತ್ತದೆ. ಏಳಕ್ಕೆ ಹೊಡೆದಾಡಲು ಆಗದಿದ್ದರೆ 3 ಸಾಕು, ಅದರಲ್ಲೇ ಬರಿಗೈ ಶೇ. 39ಕ್ಕೆ ಬರುತ್ತದೆ. ಬಾಸ್‌ಗಳ ಪೆಟ್ಟಿಗೆಯಲ್ಲಿ ಖಾಲಿ ಚೀಟಿ ಮೊದಲೇ ಕಡಿಮೆ, ಅಲ್ಲಿ ಇದರ ಲಾಭ ಅಷ್ಟಿಲ್ಲ.

ವಸ್ತು ಯಾವುದು ಎಂದು ಗೊತ್ತಾದ ಮೇಲೆ ಅದರ ದರ್ಜೆ. ಆಟ ಮೇಲಿನಿಂದ ಕೇಳುತ್ತಾ ಬರುತ್ತದೆ: ಯೂನಿಕ್ಕಾ? ಅಲ್ಲದಿದ್ದರೆ ಸೆಟ್ಟಾ? ರೇರಾ? ಮ್ಯಾಜಿಕ್ಕಾ? ಎಲ್ಲರೂ ಜಪಿಸುವ ಮ್ಯಾಜಿಕ್ ಫೈಂಡ್ (ತೊಟ್ಟ ಸಾಮಾನಿನಿಂದ ಬರುವ, ಒಳ್ಳೆಯ ದರ್ಜೆಯ ಅವಕಾಶ ಹೆಚ್ಚಿಸುವ ಶೇಕಡಾ ಅಂಕಿ) ಕೆಲಸ ಮಾಡುವುದು ಈ ಹಂತದಲ್ಲಿ ಮಾತ್ರ. ಖಾಲಿ ಚೀಟಿಯನ್ನು ಅದು ಮುಟ್ಟುವುದಿಲ್ಲ. ರೂನ್‌ಗೆ ದರ್ಜೆಯೇ ಇಲ್ಲ, ಹಾಗಾಗಿ ಬೆರ್, ಜಾ ಎಂಬ ದುರ್ಲಭ ರೂನ್ ಬೇಕೆಂದು ಮೈತುಂಬ ಮ್ಯಾಜಿಕ್ ಫೈಂಡ್ ತೊಟ್ಟು ಓಡಾಡುವುದು ಶುದ್ಧ ದಂಡ.

ಅದೂ ಅಲ್ಲದೆ, ಹಾಕಿದಷ್ಟೂ ಫಲ ಬರುವುದಿಲ್ಲ. ಯೂನಿಕ್‌ಗೆ ಸೂತ್ರ ಹೀಗಿದೆ: ನಿಮ್ಮ ಅಂಕಿಯನ್ನು 250ರಿಂದ ಗುಣಿಸಿ, ಬಂದದ್ದನ್ನು ನಿಮ್ಮ ಅಂಕಿ ಮತ್ತು 250ರ ಮೊತ್ತದಿಂದ ಭಾಗಿಸಿ. 100 ಇದ್ದರೆ ಸಿಗುವುದು 71. 200ಕ್ಕೆ 111. 300ಕ್ಕೆ 136. 400ರಿಂದ 500ಕ್ಕೆ ಏರಿದರೆ ಹೆಚ್ಚುವುದು ಬರೀ 12ರಿಂದ 13. ಎಷ್ಟು ಪೇರಿಸಿದರೂ 250 ದಾಟುವುದಿಲ್ಲ. ನೀಲಿ, ಅಂದರೆ ಮ್ಯಾಜಿಕ್ ದರ್ಜೆಯ ಸಾಮಾನಿಗೆ ಈ ಕಡಿತ ಇಲ್ಲ, ಆದರೆ ನೀಲಿ ಯಾರಿಗೆ ಬೇಕು? ಆಟದಲ್ಲಿ ನನ್ನ ಪಾತ್ರವಾದ ಸಾರ್ಸರೆಸ್ (ಮಾಟಗಾತಿ) 200, 250ಕ್ಕೆ ನಿಲ್ಲುತ್ತಾಳೆ. ನಾಲ್ಕು ಪರ್ಫೆಕ್ಟ್ ಟೋಪಾಜ್ ಕೂರಿಸಿದ ಕವಚದಿಂದಲೇ 96 ಬರುತ್ತದೆ, ಗೀಡ್ಸ್ ಫಾರ್ಚೂನ್ ಎಂಬ ತಾಯಿತ ಸಿಕ್ಕಿದ್ದರೆ ಇನ್ನೊಂದು 20ರಿಂದ 40. ಉಳಿದ ಜಾಗ ಕೊಲ್ಲುವ ವೇಗಕ್ಕೆ. ತಮ್ಮ 500 ಪೇರಿಸಿಕೊಂಡು ಇನ್ನೊಬ್ಬ ಬಾಸ್ ಮೆಫಿಸ್ಟೋ ಮುಂದೆ ನಿಂತು ಸಾಯುತ್ತಾನೆ, ಸತ್ತವರಿಗೆ ಡ್ರಾಪ್ ಏನು ಉಪಯೋಗ? ಲೆಕ್ಕಕ್ಕೆ ಬರುವುದು ಕೊನೆಯ ಏಟು ಕೊಟ್ಟವರ ಮ್ಯಾಜಿಕ್ ಫೈಂಡ್. ಅದಕ್ಕೇ ಹಳಬರು ಬಾಸ್‌ನ ಜೀವ ಎಳೆಯಷ್ಟು ಉಳಿದಾಗ ಆಯುಧ ಬದಲಿಸಿ, ಒಂದರಲ್ಲೇ 100 ಕೊಡುವ ಗಲ್ ಚೂರಿ ಹಿಡಿಯುತ್ತಿದ್ದರು. ನಿಮ್ಮ ಬಾಡಿಗೆ ಸೈನಿಕ ಮರ್ಸಿನರಿ ಕೊಂದರೆ ಅವನದೂ ನಿಮ್ಮದೂ ಕೂಡುತ್ತದೆ.

ಈಗ ಉಂಗುರಕ್ಕೆ ಬರೋಣ. ಬಿದ್ದ ವಸ್ತುವಿಗೆ ಕೊಂದ ರಾಕ್ಷಸನ ಮಟ್ಟವೇ ಅಂಟಿಕೊಳ್ಳುತ್ತದೆ. ಪ್ರತಿ ಯೂನಿಕ್‌ಗೂ ಕನಿಷ್ಠ ಮಟ್ಟ ಒಂದಿದೆ, ಅದಕ್ಕಿಂತ ಕೆಳಗಿನವನಿಂದ ಅದು ಎಂದೂ ಬೀಳದು. ನೈಟ್‌ಮೇರ್ ಆಂಡೇರಿಯಲ್ ಮಟ್ಟ 49. ಅಷ್ಟರೊಳಗೆ ಬರುವ ಯೂನಿಕ್ ಉಂಗುರಗಳು ಮೂರೇ: ನಾಗೆಲ್‌ರಿಂಗ್‌ಗೆ 15 ಚೀಟಿ, ಮನಾಲ್ಡ್ ಹೀಲ್‌ಗೆ 15, ಜೋರ್ಡಾನ್‌ಗೆ 1. ಅಂದರೆ ಯೂನಿಕ್ ಉಂಗುರ ಬಿದ್ದಾಗ 31ರಲ್ಲಿ ಒಂದು ಪಾಲು ಅವಕಾಶ. ಹೆಲ್‌ನಲ್ಲಿ ಅವಳ ಮಟ್ಟ 75. ರೇವನ್ ಫ್ರಾಸ್ಟ್, ಡ್ವಾರ್ಫ್ ಸ್ಟಾರ್, ಬುಲ್-ಕಥೋಸ್ ಉಂಗುರಗಳೆಲ್ಲವೂ ಅದೇ ಪೆಟ್ಟಿಗೆಗೆ ಬಂದು ಬೀಳುತ್ತವೆ, ಜೋರ್ಡಾನ್‌ನ ಚೀಟಿ ಮಾತ್ರ ಆಗಲೂ ಒಂದೇ.

ಇದೇ ನಿಯಮ ತಿರುಗಿಯೂ ಹೊಡೆಯುತ್ತದೆ. ಮಾರಾಸ್ ಕೆಲೈಡೋಸ್ಕೋಪ್ ಸರಕ್ಕೆ 80 ಬೇಕು. ಹೆಲ್ ಆಂಡೇರಿಯಲ್‌ಳನ್ನು ಜೀವಮಾನವಿಡೀ ಕೊಂದರೂ ಅದು ಸಿಗದು. ಮಟ್ಟ 87ರ ಹೆಲ್ ಮೆಫಿಸ್ಟೋ ಕೊಡಬಲ್ಲ. ಬಾಸ್ ಬೇಡವೆಂದರೆ ಹೆಲ್‌ನಲ್ಲಿ 85ನೇ ಮಟ್ಟದ ಜಾಗಗಳಿಗೆ ಹೋಗಿ: ಪಿಟ್, ಮಾಸೊಲಿಯಂ, ಏನ್ಷಿಯಂಟ್ ಟನಲ್ಸ್. ಅಲ್ಲಿ ಚಾಂಪಿಯನ್ ಎಂಬ ಬಲಿಷ್ಠ ರಾಕ್ಷಸನ ಮಟ್ಟ 87, ಸ್ವಂತ ಹೆಸರಿರುವ ಯೂನಿಕ್ ರಾಕ್ಷಸನದು 88. ಯೂನಿಕ್ ದರ್ಜೆ ಗೆದ್ದೂ ಆ ಮಟ್ಟಕ್ಕೆ ಹೊಂದುವ ಯೂನಿಕ್ ಇಲ್ಲದಿದ್ದರೆ ಆಟ ಮೂರು ಪಟ್ಟು ಬಾಳಿಕೆಯ ಹಳದಿ, ಅಂದರೆ ರೇರ್ ದರ್ಜೆಯ ಸಾಮಾನು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಅಂಥ ಕವಚ ಕಂಡರೆ ಜಾಗ ಬದಲಿಸಬೇಕಾ ಎಂದು ಯೋಚಿಸಿ. ಒಂದೇ ಆಟದಲ್ಲಿ ಅದೇ ಯೂನಿಕ್ ಎರಡನೇ ಸಲ ಬೀಳಬೇಕಾದಾಗಲೂ ಹೀಗೇ ಆಗುತ್ತದೆ.

ಇನ್ನು "ಇಷ್ಟು ಹೊತ್ತು ಬರಲಿಲ್ಲ, ಈಗ ಬರಲೇಬೇಕು" ಅನ್ನುವ ಲೆಕ್ಕ. ಹಿಂದಿನ ಚೀಟಿ ಈ ಆಟಕ್ಕೆ ನೆನಪಿರುವುದಿಲ್ಲ. ನೈಟ್‌ಮೇರ್ ಆಂಡೇರಿಯಲ್‌ಳಿಂದ 31 ಯೂನಿಕ್ ಉಂಗುರ ಬಿದ್ದಮೇಲೂ ನೂರರಲ್ಲಿ 36 ಜನರಿಗೆ ಜೋರ್ಡಾನ್ ಸಿಕ್ಕಿರುವುದಿಲ್ಲ. 62 ಬಿದ್ದಮೇಲೂ 13 ಜನ ಬರಿಗೈಯಲ್ಲೇ ಇರುತ್ತಾರೆ. ನನ್ನ ತಮ್ಮ ಆ 13ರಲ್ಲಿ ಒಬ್ಬನಿರಬಹುದು, ಆದರೆ ಅವನು ಮೊದಲು ನೈಟ್‌ಮೇರ್‌ಗೆ ಬರಲಿ, ಆಮೇಲೆ ನೋಡೋಣ.

ರೂನ್‌ಗೆ ಮಾತ್ರ ದಾರಿ ಬೇರೆ. ಕೌಂಟೆಸ್ ಎಂಬ ರಾಕ್ಷಸಿಯ ಬಳಿ ಹೋಗಿ, ಅವಳಿಗೆ ರೂನ್‌ಗಳದೇ ಪ್ರತ್ಯೇಕ ಪೆಟ್ಟಿಗೆ ಇದೆ. ಹೆಲ್‌ನಲ್ಲಿ ಅದು ಇಸ್ಟ್ ಎಂಬ ರೂನ್‌ವರೆಗೂ ಕೊಡುತ್ತದೆ, ಮ್ಯಾಜಿಕ್ ಫೈಂಡ್ ಕಳಚಿಟ್ಟೇ ಹೋದರಾಯಿತು.