ಮೊದಲು ಸ್ಲೇಟು, ಆಮೇಲೆ ಮೌನ: ನಮ್ಮ ಅಧ್ಯಯನ ಕೂಟದ ಅನುಭವ

ಹಾಸನದ ನಮ್ಮ ಕೂಟಕ್ಕೆ ಈಗ ಪ್ರತಿ ಗುರುವಾರ ಸಂಜೆ ಹದಿನೆಂಟಿಪ್ಪತ್ತು ಜನ ಬರುತ್ತಾರೆ. ಶಂಕರಾಚಾರ್ಯರ ಭಾಷ್ಯ (ವೇದಾಂತ ಗ್ರಂಥಗಳ ವ್ಯಾಖ್ಯಾನ) ಓದುತ್ತಾರೆ, ಸಂಶಯವನ್ನು ಸ್ಲೇಟಿನಲ್ಲಿ ಬರೆಯುತ್ತಾರೆ, ಇಪ್ಪತ್ತು ನಿಮಿಷ ಸುಮ್ಮನೆ ಕೂರುತ್ತಾರೆ, ಮುಂದಿನ ವಾರ ಮತ್ತೆ ಬರುತ್ತಾರೆ. ಈ ‘ಮತ್ತೆ ಬರುವುದು’ ಎಷ್ಟು ಕಷ್ಟದ್ದು ಅನ್ನುವುದು ವೇದಾಂತ ಪಾಠ ನಡೆಸುವವರಿಗೆಲ್ಲ ಗೊತ್ತು. ಇದು ನಡೆಯೋದಿಲ್ಲ ಎಂದಿದ್ದವರೇ ಈಗ ಎಲ್ಲರಿಗಿಂತ ಮೊದಲು ಬಂದು ಜಮಖಾನೆ ಹಾಸುತ್ತಾರೆ. ಇದು ಹೇಗಾಯಿತು ಎಂದು ಬೇರೆ ಊರಿನ ಕೂಟದವರು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ ನಾವೂ ಎಲ್ಲರ ಹಾಗೆ ಪ್ರವಚನ ಸಪ್ತಾಹ ಇಟ್ಟೆವು. ಹಾಲ್ ಬಾಡಿಗೆ, ಮೈಕ್ ಸೆಟ್, ಫ್ಲೆಕ್ಸು, ವಿದ್ವಾಂಸರ ಪ್ರಯಾಣ ಮತ್ತು ಸಂಭಾವನೆ, ಕೊನೇ ದಿನದ ಪ್ರಸಾದ ಎಲ್ಲ ಸೇರಿ 45 ಸಾವಿರದ ಆಸುಪಾಸು ಆಯಿತು. ನೂರೈವತ್ತು ಜನ ಸೇರಿದ್ದರು. ಮುಂದಿನ ತಿಂಗಳು ವೇದಾಂತ ಕಲಿಯುವವರ ಮೊದಲ ಪುಸ್ತಕವಾದ ತತ್ತ್ವಬೋಧದ ಪಾಠ ಇಟ್ಟಾಗ ಬಂದವರು ಆರೇಳು ಮಂದಿ. ಸಪ್ತಾಹದಲ್ಲಿ ಏನು ಕೇಳಿದಿರಿ ಅಂದರೆ ‘ತುಂಬ ಚೆನ್ನಾಗಿತ್ತು’ ಅನ್ನೋರು. ಕತ್ತಲಲ್ಲಿ ಹಗ್ಗವನ್ನೇ ಹಾವೆಂದು ಭ್ರಮಿಸುವ ದೃಷ್ಟಾಂತ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ಆಮೇಲೆ ಕೆಲವರು ತಿರುವಣ್ಣಾಮಲೆಗೆ ಹೋದೆವು. ಗಿರಿಪ್ರದಕ್ಷಿಣೆ ಮುಗಿಸಿ ರಮಣಾಶ್ರಮದ ಹಳೆಯ ಹಾಲ್‌ನಲ್ಲಿ ಕೂತೆವು. ಬಂದ ಹುಮ್ಮಸ್ಸಿನಲ್ಲಿ ಪಾಠ ನಿಲ್ಲಿಸಿ ಬರೀ ಮೌನ ಶುರು ಮಾಡಿದೆವು: ಭಗವಾನ್ ರಮಣ ಮಹರ್ಷಿಗಳ ಪಟ, ದೀಪ, ಒಂದು ಗಂಟೆ. ಮೌನಕ್ಕೆ ಖರ್ಚಿಲ್ಲ ಅಂದುಕೊಳ್ಳಬೇಡಿ. ಬಾಡಿಗೆ ಹೇಗೂ ಕೊಡಬೇಕು, ರಸ್ತೆ ಸದ್ದು ತಡೆಯಲು ಕಿಟಕಿ ಸರಿಮಾಡಿಸಿ ದಪ್ಪ ಪರದೆ ಹಾಕಿಸಿದ್ದಕ್ಕೇ 12 ಸಾವಿರದಷ್ಟು ಹೋಯಿತು. ಕೆಲವೇ ವಾರದಲ್ಲಿ ಒಬ್ಬಿಬ್ಬರ ಗೊರಕೆ ಕೇಳತೊಡಗಿತು. ಗಂಟೆ ಮುಗಿದ ಕೂಡಲೇ ಮಾತು ಮೊಮ್ಮಗನ ಅಡ್ಮಿಷನ್‌ಗೆ ಹೊರಳುತ್ತಿತ್ತು. ಸಂಶಯಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಮೊದಲು ಹತ್ತು ನಿಮಿಷ ಮೌನ, ಆಮೇಲೆ ಪಾಠ ಅನ್ನುವ ಕ್ರಮವನ್ನೂ ನೋಡಿದೆವು. ಬಹಳ ಕಡೆ ಹೀಗೇ ಮಾಡುತ್ತಾರೆ. ಮನಸ್ಸು ತಣ್ಣಗಾಗುತ್ತೆ ನಿಜ, ಆದರೆ ಪಾಠದಲ್ಲಿ ಎದ್ದ ಪ್ರಶ್ನೆ ಹಾಗೇ ಮನೆಗೆ ಹೋಗಿ ಸೀರಿಯಲ್ ಮುಂದೆ ಸತ್ತುಹೋಗುತ್ತೆ.

ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಪಾಠ ಕೇಳಿ ಬೆಳೆದ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ, ಎಲ್ಲರಿಗೂ ಮೇಷ್ಟ್ರು. ಅವರು ನೇರವಾಗಿ ಕೇಳಿದರು: “ಶ್ರವಣ ಮನನ, ಅಂದರೆ ಕೇಳೋದು ಯೋಚಿಸೋದು, ಬಿಟ್ಟು ಬಾಯಿ ಮುಚ್ಚಿ ಕೂತರೆ ಜ್ಞಾನ ಬರುತ್ತೇನಪ್ಪಾ? ಹಾಗಿದ್ದರೆ ನಮ್ಮ ಸ್ವಾಮಿಗಳು ಯಾಕೆ ಅಷ್ಟು ಬರೀಬೇಕಿತ್ತು?” ತಳ್ಳಿಹಾಕುವ ಮಾತಲ್ಲ ಅದು. ಅವರು ಹೇಳುವ ಸ್ವಾಮಿಗಳು, ಸಚ್ಚಿದಾನಂದೇಂದ್ರ ಸರಸ್ವತಿಗಳು, 1920ರಲ್ಲಿ ಆ ಕಾರ್ಯಾಲಯ ಕಟ್ಟಿ, 1975ರಲ್ಲಿ ದೇಹ ಬಿಡುವ ಹೊತ್ತಿಗೆ ಇನ್ನೂರರ ಹತ್ತಿರ ಪುಸ್ತಕ ಬರೆದಿದ್ದರು. ಶಾಂಕರಭಾಷ್ಯವನ್ನು ಕನ್ನಡದಲ್ಲಿ ಓದುವ ನಮಗೆಲ್ಲ ಅವರ ಋಣ ಇದೆ. ಇನ್ನೊಂದು ಕಡೆ ರಮಣಭಕ್ತರು, “ಭಗವಾನರೇ ಮೌನದಲ್ಲಿ ಕೊಟ್ಟಿದ್ದಾರೆ, ಪುಸ್ತಕ ಯಾಕೆ?” ಅನ್ನೋರು. ಈ ಜಗಳದಲ್ಲಿ ಕೂಟವೇ ಒಡೆಯುವಂತಿತ್ತು.

ನನಗೆ ದಾರಿ ಕಂಡದ್ದು ಭಗವಾನರ ಜೀವನದಲ್ಲೇ. 1896ರಲ್ಲಿ ತಿರುವಣ್ಣಾಮಲೆಗೆ ಬಂದಮೇಲೆ ಅವರು ವರ್ಷಗಟ್ಟಲೆ ಮಾತಾಡಲೇ ಇಲ್ಲ ಅನ್ನಬಹುದು. ಅದು ವ್ರತವೂ ಅಲ್ಲ, ಮಾತು ಬೇಕೆನಿಸಲಿಲ್ಲ ಅಷ್ಟೆ. ಆ ಕಾಲದಲ್ಲೇ, 1901-02ರ ಸುಮಾರಿಗೆ, ರೆವಿನ್ಯೂ ಇಲಾಖೆಯ ಶಿವಪ್ರಕಾಶಂ ಪಿಳ್ಳೈ ‘ನಾನು ಯಾರು’ ಎಂಬ ಪ್ರಶ್ನೆ ಹಿಡಿದು ಬಂದರು. ಭಗವಾನರು ಉತ್ತರ ಕೊಟ್ಟರು, ಬಾಯಲ್ಲಿ ಅಲ್ಲ: ಮರಳಿನ ಮೇಲೆ, ಸ್ಲೇಟಿನ ಮೇಲೆ ಬರೆದು. ಪ್ರಶ್ನೆ ಬಂದಾಗ ಮೌನಿಯೂ ಬಳಪ ಹಿಡಿದರು. ಮುಂದೆ ಶಿಷ್ಯರಾದ ತಮಿಳು ಕವಿ ಮುರುಗನಾರ್ ಕೇಳಿಕೊಂಡಾಗ ಮೂವತ್ತು ಪದ್ಯದ ಉಪದೇಶಸಾರವನ್ನೂ ಬರೆದುಕೊಟ್ಟರು. ಶೃಂಗೇರಿಯ ಜಗದ್ಗುರುಗಳಾಗಿದ್ದ ಚಂದ್ರಶೇಖರ ಭಾರತಿಗಳನ್ನು ನೋಡಿ. ದೀರ್ಘಕಾಲ ಅಂತರ್ಮುಖರಾಗಿ ಯಾರಿಗೂ ಸಿಗುತ್ತಿರಲಿಲ್ಲ, ಆದರೆ ಶಾಸ್ತ್ರಪಾಠಕ್ಕೆ ಕೂತರೆ ಒಂದು ಪದವನ್ನೂ ಸುಮ್ಮನೆ ಬಿಡುವವರಲ್ಲ. ನಮ್ಮ ವಿಜಯಪುರ ಜಿಲ್ಲೆಯ ಇಂಚಗೇರಿ ಗುರುಪರಂಪರೆಯಿಂದ ಬಂದ ನಿಸರ್ಗದತ್ತ ಮಹಾರಾಜರು ಮುಂಬೈ ಖೇತವಾಡಿಯ ಅಟ್ಟದ ಕೋಣೆಯಲ್ಲಿ ಬಂದವರನ್ನು ‘ಪ್ರಶ್ನೆ ಇದ್ದರೆ ಕೇಳಿ’ ಎಂದು ಒತ್ತಾಯಿಸುತ್ತಿದ್ದರು.

ಮೇಷ್ಟ್ರನ್ನು ಒಪ್ಪಿಸಿದ್ದು ಮಾತ್ರ ಸೂತ್ರಭಾಷ್ಯ, ಅಂದರೆ ಬ್ರಹ್ಮಸೂತ್ರಗಳಿಗೆ ಶಂಕರಾಚಾರ್ಯರು ಬರೆದ ವ್ಯಾಖ್ಯಾನ. ಮೂರನೇ ಅಧ್ಯಾಯದ ಎರಡನೇ ಪಾದದಲ್ಲಿ ಆಚಾರ್ಯರು ಬಾಷ್ಕಲಿಯ ಕಥೆ ಹೇಳುತ್ತಾರಲ್ಲ, ಅದನ್ನು ಅವರ ಮುಂದೆ ಬಿಚ್ಚಿಟ್ಟೆ. ಬ್ರಹ್ಮವನ್ನು ಹೇಳಿ ಎಂದು ಬಾಷ್ಕಲಿ ಕೇಳುತ್ತಾನೆ, ಗುರುವಾದ ಬಾಧ್ವ ಸುಮ್ಮನಿರುತ್ತಾನೆ. ಮತ್ತೆ ಮತ್ತೆ ಕೇಳಿದಾಗ ಬಾಧ್ವನ ಉತ್ತರ: ‘ನಾವು ಹೇಳುತ್ತಲೇ ಇದ್ದೇವೆ, ನಿನಗೆ ತಿಳಿಯುತ್ತಿಲ್ಲ. ಈ ಆತ್ಮ ಉಪಶಾಂತ.’ ಮೌನ ಅಲ್ಲಿ ಪ್ರಶ್ನೆಗೆ ಉತ್ತರವಾಗಿ ಬಂದಿದೆ, ಪ್ರಶ್ನೆಯ ಬದಲಿಗೆ ಅಲ್ಲ. ಮೌನದಲ್ಲೇ ಉಪದೇಶಿಸುವ ಗುರುರೂಪದ ಶಿವ, ದಕ್ಷಿಣಾಮೂರ್ತಿಯ ಎದುರಿಗಿದ್ದ ಶಿಷ್ಯರೂ ವೃದ್ಧರು, ಕೇಳುವುದನ್ನೆಲ್ಲ ಕೇಳಿ ಸಂಶಯ ಹೊತ್ತು ಬಂದವರು. ಸಂಶಯವೇ ಇಲ್ಲದವನಿಗೆ ಮೌನ ಏನನ್ನು ಕತ್ತರಿಸಬೇಕು? ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, “ಸರಿ, ಮಾಡಿ ನೋಡು” ಎಂದರು.

ಈಗಿನ ಕ್ರಮ ಹೀಗಿದೆ. ಅರ್ಧ ಗಂಟೆ ಪಾಠ, ಒಂದೇ ವಾಕ್ಯ ಅಥವಾ ಒಂದೇ ಶ್ಲೋಕ. ಆಮೇಲೆ ಎಲ್ಲರ ಕೈಗೂ ಸ್ಲೇಟು, ಬಳಪ. ಅವರವರ ಸಂಶಯವನ್ನು ಬರೆಯಬೇಕು. ನಾಲ್ಕು ಸಾಲಿಗಿಂತ ಹೆಚ್ಚಾದರೆ ಒರೆಸಿ ಮತ್ತೆ ಬರೆಯಬೇಕು. ಅದರಲ್ಲಿ ನಾಲ್ಕು ಸ್ಲೇಟು ಆರಿಸಿ ಓದುತ್ತೇನೆ, ಉತ್ತರ ಹೇಳುವುದಿಲ್ಲ. ಸ್ಲೇಟು ಎದುರಿಗಿಟ್ಟುಕೊಂಡು ಇಪ್ಪತ್ತು ನಿಮಿಷ ಮೌನ. ಅದು ಮುಗಿದಮೇಲೂ ಯಾರ ಸಂಶಯ ಉಳಿದಿದೆಯೋ ಅವರು ಮಾತ್ರ ಕೇಳಬೇಕು. ಆಗ ಭಾಷ್ಯದಿಂದ ಉತ್ತರ. ಸ್ಲೇಟು ಆರಿಸುವ ಹದ, ಮೌನಕ್ಕೆ ಮುಂಚೆ ನಾನು ಹೇಳುವ ಒಂದು ವಾಕ್ಯ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಒಂದು ಗುರುವಾರ ಬಂದು ಕೂತರೆ ತಿಳಿಯುತ್ತೆ.

ಒಂದು ಸಂಜೆಯ ಮಾತು ಹೇಳಲೇಬೇಕು. ಅಡುಗೆ ಕಂಟ್ರಾಕ್ಟ್ ಕೆಲಸ ಮಾಡುವ ಅಕ್ಕ ಒಬ್ಬರು ಬರೆಯುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಮತ್ತೆ ಬರೆಯುವುದು ಮಾಡುತ್ತಿದ್ದರು. ಕೊನೆಗೆ ಸ್ಲೇಟಿನಲ್ಲಿ ಉಳಿದದ್ದು: ‘ನಾನು ಬ್ರಹ್ಮ ಆದರೆ ಮಂಡಿ ನೋವು ಯಾರಿಗೆ?’ ಮೌನ ಮುಗಿದಾಗ ಅದನ್ನೂ ಒರೆಸಿಬಿಟ್ಟರು, ಕೇಳಲಿಲ್ಲ. ಮುಂದಿನ ವಾರ ಬರೆದದ್ದು: ‘ನೋವು ತಿಳಿಯುವವನಿಗೆ ನೋವಿಲ್ಲ. ಮಂಡಿಗೆ ತಿಳಿಯುವುದೇ ಇಲ್ಲ. ನಡುವೆ “ನನಗೆ ನೋವು” ಅನ್ನೋದು ಯಾರು?’ ಮೇಷ್ಟ್ರು ಆ ಸ್ಲೇಟನ್ನು ಕೈಗೆ ತಗೊಂಡು ಮುಕ್ಕಾಲು ಗಂಟೆ ಅಧ್ಯಾಸಭಾಷ್ಯ (ಒಂದನ್ನು ಇನ್ನೊಂದೆಂದು ತಿಳಿಯುವ ಭ್ರಮೆಯ ಬಗ್ಗೆ ಸೂತ್ರಭಾಷ್ಯದ ಪೀಠಿಕೆ) ಹೇಳಿದರು. ಅಷ್ಟು ಚೆನ್ನಾಗಿ ಅವರು ಪಾಠ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಇಂಥ ಪ್ರಶ್ನೆ ಎದ್ದ ಕೂಟ ನಮ್ಮ ಕಡೆ ಬೇರೆ ಇದೆ ಅಂತ ನನಗನ್ನಿಸುವುದಿಲ್ಲ.

ಚೀಟಿಯಲ್ಲಿ ಬರೆಸಿ ನೋಡಿದೆವು, ಆಗಲಿಲ್ಲ. ಮನೆಯಿಂದಲೇ ದೊಡ್ಡ ದೊಡ್ಡ ಪ್ರಶ್ನೆ ಬರೆದು ತರುತ್ತಾರೆ, ಹೋಗುವಾಗ ಜೇಬಿಗೆ ಹಾಕಿಕೊಳ್ಳುತ್ತಾರೆ. ಸ್ಲೇಟಿನಲ್ಲಿ ಆ ಹೊತ್ತಿನದ್ದೇ ಬರುತ್ತೆ, ಅಲ್ಲೇ ಅಳಿಯುತ್ತೆ. ಶನಿವಾರ ಮಧ್ಯಾಹ್ನದ ಹೆಂಗಸರ ಗುಂಪಿನಲ್ಲಿ ಪಾಠದ ಬದಲು ನಿಜಗುಣ ಶಿವಯೋಗಿಗಳ ಒಂದು ಕೈವಲ್ಯಪದ (ಮುಕ್ತಿಯ ತತ್ತ್ವ ಹೇಳುವ ಹಾಡು) ಹಾಡಿಸಿ, ಆಮೇಲೆ ಸ್ಲೇಟು, ಮೌನ ಮಾಡಿದೆವು. ನನ್ನ ಅಂದಾಜಿಗೂ ಮೀರಿ ಹಿಡಿಯಿತು. ಹಾಡಿದ ಸಾಲು ಮೌನದಲ್ಲಿ ತಾನಾಗಿ ತಿರುಗುತ್ತಿರುತ್ತೆ ಅಂತಾರೆ. ಈಗ ಅದನ್ನು ಗುರುವಾರಕ್ಕೂ ತರುವ ಯೋಚನೆ ಇದೆ, ಮೇಷ್ಟ್ರು ಇನ್ನೂ ಒಪ್ಪಿಲ್ಲ.

ಖರ್ಚು ಕೇಳುವವರಿಗೆ: ಮರದ ಚೌಕಟ್ಟಿನ ಸ್ಲೇಟು ಇಪ್ಪತ್ತೈದು, ಬಳಪದ ಡಬ್ಬಿ, ಒರೆಸುವ ಬಟ್ಟೆ ಎಲ್ಲ 2 ಸಾವಿರದೊಳಗೆ ಮುಗಿಯಿತು. ಜಾಗ ಸದಸ್ಯರೊಬ್ಬರ ಮನೆ ಮಹಡಿ. ಕರೆಂಟು, ಕಾಫಿಗೆ ತಿಂಗಳಿಗೆ ಸಾವಿರದೈನೂರು, ಡಬ್ಬಿಯಲ್ಲಿ ಬೀಳುವುದು ಅದಕ್ಕಿಂತ ಸ್ವಲ್ಪ ಹೆಚ್ಚೇ. ಪ್ಲಾಸ್ಟಿಕ್ ಸ್ಲೇಟು ತರಬೇಡಿ, ಬಳಪ ಜಾರುತ್ತೆ, ವಯಸ್ಸಾದವರಿಗೆ ಅಕ್ಷರ ಕಾಣುವುದಿಲ್ಲ. ಆನ್‌ಲೈನ್‌ನಲ್ಲೂ ಇದನ್ನು ಮಾಡಬೇಡಿ. ಬೆಂಗಳೂರು, ದುಬೈನಲ್ಲಿರುವ ಮಕ್ಕಳಿಗಾಗಿ ಕೆಲವು ವಾರ ನಡೆಸಿದೆವು. ಎಲ್ಲರೂ ಮ್ಯೂಟ್ ಆದಮೇಲೆ ಯಾರು ಪ್ರಶ್ನೆಯ ಜೊತೆ ಕೂತಿದ್ದಾರೆ, ಯಾರು ಎದ್ದು ಹೋಗಿದ್ದಾರೆ ಅಂತ ತಿಳಿಯಲೇ ಇಲ್ಲ. ಅವರು ರಜೆಗೆ ಊರಿಗೆ ಬಂದಾಗ ಮಹಡಿಗೆ ಬರಲಿ ಅಂತ ಬಿಟ್ಟಿದ್ದೇವೆ, ದೀಪಾವಳಿಗೆ ಮೂವರು ಬರುತ್ತೇವೆ ಎಂದಿದ್ದಾರೆ.