ಬೇರಿಂಗ್ ಬೆರಳಲ್ಲಿ ತಿರುಗಿದರೆ ಸಾಲದು

ಮೊದಲ ಸಲ ಸ್ಕೇಟ್‌ಬೋರ್ಡ್ ಬೇರಿಂಗ್ ಸರ್ವಿಸ್ ಮಾಡಿದ ದಿನ ನನಗೆ ಭಾರೀ ಹೆಮ್ಮೆ. ಬೇರಿಂಗ್ ಅಂದರೆ ಚಕ್ರದ ನಡುವೆ ಕೂರುವ ಎರಡು ರಿಂಗ್, ಅವುಗಳ ನಡುವೆ ಓಡುವ ಗುಂಡುಗಳು; ಚಕ್ರ ಸಲೀಸಾಗಿ ತಿರುಗುವುದು ಅದರಿಂದಲೇ. ತುಕ್ಕು ಹಿಡಿದ ನಟ್ ಸಡಿಲಿಸುವ ಸ್ಪ್ರೇ ಡಬ್ಬಿ ಮನೆಯಲ್ಲಿತ್ತು. ಚಕ್ರ ಕೂಡ ಬಿಚ್ಚಲಿಲ್ಲ. ಬೇರಿಂಗಿನ ಪಕ್ಕ ಮುಚ್ಚುವ ತೆಳು ತಟ್ಟೆ, ಅಂದರೆ ಶೀಲ್ಡಿನ ಸಂದಿಗೆ ಡಬ್ಬಿಯ ನಳಿಕೆ ಹಿಡಿದು ಎಂಟೂ ಬೇರಿಂಗಿಗೆ ಹೊಡೆದೆ. ಕಪ್ಪು ನೀರು ಇಳಿಯಿತು. ಬೋರ್ಡ್ ಮಗುಚಿ ಹಾಕಿ ಬೆರಳಿಂದ ಒಂದು ಏಟು ಕೊಟ್ಟರೆ ಚಕ್ರ ನಿಲ್ಲುವುದೇ ಇಲ್ಲ! ಗೆಳೆಯನನ್ನು ಕರೆದು ತೋರಿಸಿದೆ. ಅವನೂ ಅದೇ ಡಬ್ಬಿ ಕೇಳಿ ಇಸ್ಕೊಂಡು ಹೋದ.

ಹತ್ತು ದಿನ ಕಳೆದಿರಲಿಲ್ಲ, ಹಿಂದಿನ ಎಡಗಡೆ ಚಕ್ರ ಕಿರುಗುಟ್ಟಲು ಶುರುವಾಯಿತು. ತಿಂಗಳು ತುಂಬುವಷ್ಟರಲ್ಲಿ ನಾಲ್ಕೂ ಚಕ್ರ ಒಟ್ಟಿಗೆ ಗೋಳಾಡುತ್ತಿದ್ದವು. ನಾನು ಬರುವುದು ಬೀದಿ ಆ ತುದಿಯಿಂದಲೇ ಗೊತ್ತಾಗುತ್ತಿತ್ತು.

ಆಗಿದ್ದು ಇಷ್ಟೇ. ಅಂಥ ಸ್ಪ್ರೇಯಲ್ಲಿ ಹೆಚ್ಚಿನ ಪಾಲು ಆವಿಯಾಗಿ ಹೋಗುವ ದ್ರಾವಕ. ಅದು ಒಂದಷ್ಟು ಕೊಳೆಯ ಜೊತೆ ಒಳಗಿದ್ದ ಗ್ರೀಸನ್ನೂ ತೊಳೆದು ಹಾಕಿತ್ತು. ಉಳಿದ ಕೊಳೆಯನ್ನು ಇನ್ನೂ ಒಳಕ್ಕೆ ತಳ್ಳಿತ್ತು. ಗ್ರೀಸ್ ಇಲ್ಲದ ಬೇರಿಂಗ್ ಬೆರಳಲ್ಲಿ ಜಾಸ್ತಿ ಹೊತ್ತು ತಿರುಗುತ್ತದೆ, ಯಾಕೆಂದರೆ ಅದನ್ನು ತಡೆಯಲು ಒಳಗೆ ಏನೂ ಇಲ್ಲ. ಆದರೆ ಮೇಲೆ ಒಬ್ಬ ಮನುಷ್ಯ ನಿಂತಾಗ ಕಥೆ ಬೇರೆ. ಉಕ್ಕಿನ ಗುಂಡು ಉಕ್ಕಿನ ಮೇಲೆ ಒಣಒಣ ಉಜ್ಜುತ್ತದೆ. ಬೆರಳಲ್ಲಿ ತಿರುಗುವ ಫಿಜೆಟ್ ಸ್ಪಿನ್ನರ್ ಇದೆಯಲ್ಲ, ಅದರ ನಡುವೆ ಸಾಮಾನ್ಯವಾಗಿ ಇರುವುದೂ ಇದೇ ಅಳತೆಯ ಬೇರಿಂಗ್. ಅದಕ್ಕೆ ಸುಮ್ನೆ ತಿರುಗುವುದೇ ಕೆಲಸ. ನಮ್ಮದು ಭಾರ ಹೊರಬೇಕು, ಏಟು ತಿನ್ನಬೇಕು, ದೂಳು ಕುಡಿಯಬೇಕು. ಆಮೇಲೆ ನಾನು ಎಷ್ಟು ಹೊತ್ತು ತಿರುಗಿತು ಅಂತ ಲೆಕ್ಕ ಹಾಕುವುದನ್ನು ಬಿಟ್ಟುಬಿಟ್ಟೆ.

ಆ ಎಂಟೂ ಹಾಳಾದ ಮೇಲೆ ಹೊಸದು ಕೊಳ್ಳಬೇಕಾಯಿತು. ಅಳತೆಯಲ್ಲಿ ಗೊಂದಲವಿಲ್ಲ, ಸ್ಕೇಟ್‌ಬೋರ್ಡಿಗೆ 608. ಕೊನೆಯ 8 ಅಂದರೆ ಒಳರಂಧ್ರ 8 ಮಿ.ಮೀ. ಹೊರಗಿನ ವ್ಯಾಸ 22 ಮಿ.ಮೀ., ಅಗಲ 7 ಮಿ.ಮೀ. ಒಳಗೆ ಸಾಮಾನ್ಯವಾಗಿ 7 ಗುಂಡು, ಒಂದೊಂದೂ ಹೆಚ್ಚುಕಡಿಮೆ 4 ಮಿ.ಮೀ. ಕೆಲವು ಕಂಪನಿಗಳು ಸ್ವಲ್ಪ ದಪ್ಪನೆಯ 6 ಗುಂಡು ಹಾಕುತ್ತವೆ. ಹೆಸರಿನ ಕೊನೆಗೆ ಝಡ್‌ಝಡ್ ಇದ್ದರೆ ಎರಡೂ ಬದಿಗೆ ಲೋಹದ ಶೀಲ್ಡ್, 2ಆರ್‌ಎಸ್ ಇದ್ದರೆ ಎರಡೂ ಬದಿಗೆ ರಬ್ಬರ್.

ಗೊಂದಲ ಶುರುವಾಗುವುದು ಎಬೆಕ್ ನಂಬರಿನಿಂದ. 1, 3, 5, 7, 9. ನಂಬರ್ ದೊಡ್ಡದಾದಷ್ಟೂ ವೇಗ ಜಾಸ್ತಿ ಅಂತ ನಾನೂ ನಂಬಿದ್ದೆ. ಎಬೆಕ್ ಅಂದರೆ ಆನ್ಯುಲರ್ ಬೇರಿಂಗ್ ಎಂಜಿನಿಯರ್ಸ್ ಕಮಿಟಿ. ಅವರ ನಂಬರ್ ಹೇಳುವುದು ಬೇರಿಂಗ್ ಎಷ್ಟು ಕರಾರುವಾಕ್ಕಾಗಿ ತಯಾರಾಗಿದೆ ಎಂಬುದನ್ನು ಮಾತ್ರ. ಉದಾಹರಣೆಗೆ 8 ಮಿ.ಮೀ. ರಂಧ್ರದ ಬೇರಿಂಗ್ ತಗೊಳ್ಳಿ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಎಬೆಕ್ 1ರಲ್ಲಿ ಆ ರಂಧ್ರ 8 ಮೈಕ್ರಾನ್‌ವರೆಗೆ ಕಿರಿದಾಗಿರಬಹುದು, ಎಬೆಕ್ 7ರಲ್ಲಿ 4 ಮೈಕ್ರಾನ್‌ವರೆಗೆ. ತಲೆಗೂದಲಿನ ದಪ್ಪವೇ ಸಾಮಾನ್ಯವಾಗಿ 50 ಮೈಕ್ರಾನಿಗಿಂತ ಜಾಸ್ತಿ ಇರುತ್ತದೆ. ಒಂದು ಮರಳಿನ ಕಣ ಒಳಗೆ ಹೊಕ್ಕಿತೋ, ಈ ಮೈಕ್ರಾನ್ ಲೆಕ್ಕವೆಲ್ಲ ಮಣ್ಣುಪಾಲು. ಉಕ್ಕು ಎಂಥದ್ದು, ಗ್ರೀಸ್ ಯಾವುದು, ಗುಂಡುಗಳನ್ನು ಸಮ ಅಂತರದಲ್ಲಿ ಹಿಡಿದಿಡುವ ಕೇಜ್ ಗಟ್ಟಿಯೋ ಇಲ್ಲವೋ, ಏಟು ತಡೆಯುತ್ತದೆಯೋ, ಇದ್ಯಾವುದನ್ನೂ ಎಬೆಕ್ ಹೇಳುವುದಿಲ್ಲ.

ಇನ್ನು ವೇಗದ ವಿಷಯ. 52 ಮಿ.ಮೀ. ಚಕ್ರ ಒಂದು ಸುತ್ತು ಬಂದರೆ ಸುಮಾರು 16.3 ಸೆಂ.ಮೀ. ಮುಂದೆ ಹೋಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 2,040 ಸುತ್ತು ಅಷ್ಟೇ. 608 ಬೇರಿಂಗ್ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಾಳಿಕೊಳ್ಳುವ ಪೈಕಿ. ಹಾಗಾಗಿ ನಮ್ಮಂಥವರ ಓಡಾಟಕ್ಕೆ ಎಬೆಕ್ 5ಕ್ಕೂ 9ಕ್ಕೂ ವ್ಯತ್ಯಾಸ ಪಾದಕ್ಕೆ ತಿಳಿಯುವುದೇ ಇಲ್ಲ. ಬೋನ್ಸ್ ಎಂಬ ಕಂಪನಿಯವರು ತಮ್ಮ ಬೇರಿಂಗುಗಳಿಗೆ ಎಬೆಕ್ ನಂಬರ್ ಹಾಕುವುದೇ ಇಲ್ಲ, ಸ್ಕೇಟ್ ರೇಟೆಡ್ ಅಂತ ಮಾತ್ರ ಬರೆಯುತ್ತಾರೆ. ಅವರ ರೆಡ್ಸ್ ಎಂಬ ಬೇರಿಂಗನ್ನು ತುಂಬ ಜನ ಹಾಕಿಕೊಳ್ಳುತ್ತಾರೆ.

ಸೆರಾಮಿಕ್ ಬೇರಿಂಗಿನ ಆಸೆಯೂ ನನಗೆ ಒಮ್ಮೆ ಬಂದು ಹೋಯಿತು. ಅದರ ಗುಂಡುಗಳು ಸಿಲಿಕಾನ್ ನೈಟ್ರೈಡಿನವು. ಉಕ್ಕಿನ ಅರ್ಧದಷ್ಟೂ ತೂಕವಿಲ್ಲ, ತುಕ್ಕು ಹಿಡಿಯುವುದಿಲ್ಲ. ಆದರೆ ಸಾಮಾನ್ಯವಾಗಿ ಸಿಗುವುದರಲ್ಲಿ ಒಳಗಿನ ರಿಂಗೂ ಹೊರಗಿನ ರಿಂಗೂ ಉಕ್ಕೇ. ಒದ್ದೆಯಾದರೆ ಗುಂಡು ಚೆನ್ನಾಗೇ ಇರುತ್ತದೆ, ರಿಂಗಿಗೆ ತುಕ್ಕು. ಅದೇ ಹಣಕ್ಕೆ ಸಾಧಾರಣ ಬೇರಿಂಗ್ ಹಲವು ಸೆಟ್ ಬರುತ್ತದೆ ಅಂತ ಲೆಕ್ಕ ಹಾಕಿ ಸುಮ್ಮನಾದೆ.

ನಾನು ಈಗ ನೋಡುವುದು ಎರಡೇ. ಶೀಲ್ಡ್ ಕೈಯಲ್ಲಿ ತೆಗೆದು ಹಾಕಲು ಬರಬೇಕು. ಕೇಜ್ ಗಟ್ಟಿ ನೈಲಾನಿನದಾಗಿರಬೇಕು. ಒಂದೇ ಬದಿಗೆ ರಬ್ಬರ್ ಶೀಲ್ಡ್ ಇರುವುದು ನನಗೆ ಇಷ್ಟ. ಶೀಲ್ಡ್ ಇರುವ ಬದಿ ಹೊರಕ್ಕೆ, ತೆರೆದ ಬದಿ ಚಕ್ರದ ಒಳಕ್ಕೆ. ತೊಳೆಯುವ ಕೆಲಸ ಅರ್ಧಕ್ಕರ್ಧ ಕಡಿಮೆ. ಶೀಲ್ಡನ್ನು ಒತ್ತಿ ಕೂರಿಸಿಬಿಟ್ಟ ಬೇರಿಂಗೂ ಇರುತ್ತವೆ, ತೆಗೆಯಲು ಹೋದರೆ ಶೀಲ್ಡ್ ಮಡಚಿ ಹಾಳು. ಹೊಸ ಬೇರಿಂಗ್ ಕೈಗೆ ಬಂದಾಗ ಒಳರಿಂಗ್ ಅಲ್ಲಾಡಿಸಿದರೆ ಸಣ್ಣದಾಗಿ ಲಟಪಟ ಅನ್ನುತ್ತದೆ. ಕಳಪೆ ಮಾಲು ಅಂತ ನಾನು ಒಮ್ಮೆ ವಾಪಸ್ ಕಳಿಸಿದ್ದೆ. ಪಾಪ, ಅದು ಸರಿಯಾಗೇ ಇತ್ತು. ಏಟು ಬಿದ್ದಾಗ, ಬಿಸಿಯಾದಾಗ ಹಿಡಿದುಕೊಳ್ಳದಿರಲಿ ಅಂತ ಅಷ್ಟು ಸಡಿಲ ಬೇಕಂತಲೇ ಬಿಟ್ಟಿರುತ್ತಾರೆ.

ಬೇರಿಂಗ್ ಕೊಳ್ಳುವಾಗ ತಲೆ ಕೆಡಿಸಿಕೊಂಡಷ್ಟು ಕೂರಿಸುವಾಗ ಕೆಡಿಸಿಕೊಳ್ಳಲಿಲ್ಲ. ಎರಡನೇ ಸೆಟ್ಟಿನಲ್ಲಿ ಮೂರು ಅದಕ್ಕೇ ಹೋದವು. ಒಂದು ಚಕ್ರಕ್ಕೆ ಎರಡು ಬೇರಿಂಗ್, ನಡುವೆ 10 ಮಿ.ಮೀ. ಉದ್ದದ ಸ್ಪೇಸರ್ ಎಂಬ ಸಣ್ಣ ಕೊಳವೆ. ನಾನು ಅದನ್ನು ಹಾಕುತ್ತಲೇ ಇರಲಿಲ್ಲ. ಇಲ್ಲದಿದ್ದರೂ ಓಡುತ್ತಿತ್ತಲ್ಲ! ಆದರೆ ಸ್ಪೇಸರ್ ಇಲ್ಲದೆ ನಟ್ ಬಿಗಿದರೆ ಎರಡೂ ಒಳರಿಂಗ್ ಒಂದರ ಕಡೆಗೊಂದು ಸರಿಯುತ್ತವೆ. ಹೊರರಿಂಗ್ ಚಕ್ರದಲ್ಲಿ ಕೂತಲ್ಲೇ ಇರುತ್ತದೆ. ನಡುವೆ ಸಿಕ್ಕಿದ ಗುಂಡುಗಳು ಓರೆಯಾಗಿ ಒತ್ತಿಸಿಕೊಂಡು ಓಡುತ್ತವೆ. ಈ ಬೇರಿಂಗ್ ಮುಖ್ಯವಾಗಿ ಮೇಲಿನಿಂದ ಬೀಳುವ ಭಾರಕ್ಕೆ ಮಾಡಿದ್ದು, ಪಕ್ಕದಿಂದ ಬೀಳುವ ಒತ್ತಡಕ್ಕಲ್ಲ. ಸ್ಪೇಸರ್ ಇದ್ದರೆ ಆ ಒತ್ತಡವನ್ನು ಅದು ಹೊತ್ತುಕೊಳ್ಳುತ್ತದೆ.

ಚಕ್ರದ ಎರಡೂ ಪಕ್ಕ ಆಕ್ಸಲ್ ಮೇಲೆ ಕೂರುವ ತೆಳು ವಾಷರ್ ಕೂಡ ಹಾಗೇ. ಸ್ಪೀಡ್ ರಿಂಗ್ ಅಂತಾರೆ. ಚಕ್ರ ಬಿಚ್ಚಿದಾಗಲೆಲ್ಲ ಅದು ಎಲ್ಲಾದರೂ ಉರುಳಿ ಹೋಗುತ್ತದೆ, ನಾವೂ ಹುಡುಕುವುದಿಲ್ಲ. ಅದಿಲ್ಲದಿದ್ದರೆ ನಟ್ ಹೋಗಿ ಶೀಲ್ಡಿಗೆ ಉಜ್ಜುತ್ತದೆ. ಈಗ ನಟ್ ಬಿಚ್ಚಿದ ಕೂಡಲೇ ವಾಷರುಗಳನ್ನು ಒಂದು ತಂತಿಗೆ ಪೋಣಿಸಿ ಇಡುತ್ತೇನೆ.

ಬೇರಿಂಗ್ ತೆಗೆಯಲು ಬೇರೆ ಸಾಧನ ಬೇಡ, ಟ್ರಕ್ಕಿನ, ಅಂದರೆ ಬೋರ್ಡ್ ಅಡಿಯಲ್ಲಿ ಚಕ್ರಗಳನ್ನು ಹಿಡಿದಿರುವ ಲೋಹದ ಭಾಗದ, ಆಕ್ಸಲ್ ಸಾಕು. ನಟ್ ತೆಗೆದು ಚಕ್ರವನ್ನು ಆಕ್ಸಲಿನ ತುದಿಗೆ ತನ್ನಿ, ಒಂದೇ ಬೇರಿಂಗಿನ ಒಳರಿಂಗ್ ತುದಿಗೆ ಸಿಕ್ಕಿಕೊಂಡಿರಲಿ. ಚಕ್ರವನ್ನು ಓರೆ ಮಾಡಿ ತಿರುಚಿ ಎಳೆದರೆ ಬೇರಿಂಗ್ ಈಚೆ ಬರುತ್ತದೆ. ಕೂರಿಸುವಾಗ ಸುತ್ತಿಗೆ ಮುಟ್ಟಬೇಡಿ. ಒಳರಿಂಗಿಗೆ ಏಟು ಬಿದ್ದರೆ ಗುಂಡುಗಳು ರಿಂಗಿನ ದಾರಿಯಲ್ಲಿ ಸಣ್ಣ ಗುಳಿ ಮಾಡುತ್ತವೆ. ಆಮೇಲೆ ಆ ಬೇರಿಂಗ್ ತಿರುಗುವಾಗೆಲ್ಲ ಕಟಕಟ ಅನ್ನುತ್ತದೆ, ಎಷ್ಟು ಎಣ್ಣೆ ಹಾಕಿದರೂ ಅಷ್ಟೇ. ಕೊನೆಗೆ ನಟ್. ಚಕ್ರ ನಿಲ್ಲುವವರೆಗೆ ಬಿಗಿದು, ಆಮೇಲೆ ಸಲೀಸಾಗಿ ತಿರುಗುವಷ್ಟು ಸಡಿಲಿಸುತ್ತೇನೆ. ಚಕ್ರ ಹಿಡಿದು ಆಚೆ ಈಚೆ ಎಳೆದರೆ ಚೂರೇ ಚೂರು ಆಡಬೇಕು.

ತೊಳೆಯುವುದಕ್ಕೆ ನನಗೆ ದಿನ, ವಾರದ ಲೆಕ್ಕವಿಲ್ಲ. ಕಿವಿಯೇ ಲೆಕ್ಕ. ಚಕ್ರ ತಿರುಗಿಸಿದಾಗ ಮರಳು ಅಗಿದ ಹಾಗೆ ಸದ್ದು ಬಂದರೆ ಬಿಚ್ಚುತ್ತೇನೆ. ಸದ್ದಿಲ್ಲದಿದ್ದರೆ ಅದರ ಪಾಡಿಗೆ ಬಿಡುತ್ತೇನೆ. ಚೆನ್ನಾಗಿ ಓಡುವುದನ್ನು ಬಿಚ್ಚಿ ಬಿಚ್ಚಿ ಹಾಳು ಮಾಡಿದ ಅನುಭವವೂ ಇದೆ. ನೀರು ಹೊಕ್ಕಿದ್ದರೆ ಮಾತ್ರ ಕಾಯುವ ಹಾಗಿಲ್ಲ. ಅವತ್ತೇ ಬಿಚ್ಚಬೇಕು. ಒಂದು ರಾತ್ರಿ ಬಿಟ್ಟರೂ ಬೆಳಗ್ಗೆ ಕಂದು ಬಣ್ಣ ಕಾಣಬಹುದು.

ರಬ್ಬರ್ ಶೀಲ್ಡಾದರೆ ಪಿನ್ನಿನ ಮೊನೆಯನ್ನು ಶೀಲ್ಡಿಗೂ ಒಳರಿಂಗಿಗೂ ನಡುವಿನ ಸಂದಿಗೆ ಹಾಕಿ ಮೆಲ್ಲಗೆ ಎತ್ತುತ್ತೇನೆ. ಲೋಹದ ಶೀಲ್ಡನ್ನು ಸುತ್ತ ಒಂದು ತೆಳು ತಂತಿ ಹಿಡಿದಿರುತ್ತದೆ. ಅದರ ತುದಿ ಎಲ್ಲಿದೆ ಅಂತ ಬೆಳಕಿಗೆ ಹಿಡಿದು ಹುಡುಕಿ ಪಿನ್ನಿನಿಂದ ಎಬ್ಬಿಸಬೇಕು. ಆ ತಂತಿ ಚಿಮ್ಮುತ್ತದೆ, ಮುಖ ಸ್ವಲ್ಪ ದೂರ ಇರಲಿ. ಶೀಲ್ಡುಗಳಿಗೆ ಸೋಪಿನ ನೀರು ಸಾಕು. ಬೇರಿಂಗ್ ಮಾತ್ರ ಮುಚ್ಚಳವಿರುವ ಗಾಜಿನ ಶೀಶೆಗೆ. ನಾನು ಬಳಸುವುದು 90 ಶೇಕಡಾಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲ್. ಅಸಿಟೋನ್ ಇನ್ನೂ ಚುರುಕು, ಆದರೆ ಕೆಲವು ಜಾತಿಯ ಪ್ಲಾಸ್ಟಿಕ್ಕನ್ನು ಕರಗಿಸಿಬಿಡುತ್ತದೆ. ಕೇಜ್ ಯಾವುದರದ್ದು ಅಂತ ಖಾತ್ರಿ ಇಲ್ಲದಿದ್ದರೆ ಬೇಡ. ಎರಡಕ್ಕೂ ಬೆಂಕಿ ಹತ್ತುತ್ತದೆ, ಆದ್ದರಿಂದ ಕಿಟಕಿ ತೆರೆದಿರಲಿ, ಹತ್ತಿರ ಒಲೆ ಇರಬಾರದು. ಐದು ನಿಮಿಷ ಕುಲುಕಿ, ದ್ರವ ಬದಲಿಸಿ, ಮತ್ತೆ ಕುಲುಕಿ. ಎರಡನೇ ಸಲದ್ದು ತಿಳಿಯಾಗಿ ಉಳಿಯುವವರೆಗೆ ಇದೇ ಕೆಲಸ.

ಒಮ್ಮೆ ಇಷ್ಟೂ ಸಾಲದು ಅನ್ನಿಸಿ ಕೇಜನ್ನೂ ತೆಗೆದು ತೊಳೆಯಲು ಹೋದೆ. ಪಿನ್ನಿನಿಂದ ತಳ್ಳಿದರೆ ಅದು ಪಟ್ ಅಂತ ಈಚೆ ಬಂತು. ಬೇರಿಂಗ್ ಕೈಯಲ್ಲಿತ್ತು. ಗುಂಡುಗಳೆಲ್ಲ ಒಂದೇ ಕಡೆ ಗುಂಪಾದವು, ಒಳರಿಂಗ್ ಪಕ್ಕಕ್ಕೆ ಜಾರಿ ಉದುರಿತು, ಏಳೂ ಗುಂಡು ನೆಲಕ್ಕೆ. ಆರು ಸಿಕ್ಕಿದವು. ಅಂಗೈಯಲ್ಲಿ ಆ ಆರು ಗುಂಡು ಹಿಡಿದು ಕೂತಾಗಲೇ ಈ ಬೇರಿಂಗನ್ನು ಕಾರ್ಖಾನೆಯಲ್ಲಿ ಹೇಗೆ ಜೋಡಿಸುತ್ತಾರೆ ಅಂತ ಹೊಳೆದಿದ್ದು. ಒಳರಿಂಗನ್ನು ಒಂದು ಬದಿಗೆ ಸರಿಸಿದರೆ ಇನ್ನೊಂದು ಬದಿ ಗುಂಡು ತೂರುವಷ್ಟು ಜಾಗ ಆಗುತ್ತದೆ. ಏಳನ್ನೂ ಅಲ್ಲಿ ತುಂಬಿ, ಸುತ್ತ ಸಮನಾಗಿ ಹರಡಿ, ಕೇಜ್ ಒತ್ತುತ್ತಾರೆ. ಗುಂಡುಗಳನ್ನು ಹಾಗೆ ಹಿಡಿದಿಟ್ಟಿರುವುದೇ ಆ ಪ್ಲಾಸ್ಟಿಕ್ ಕೇಜ್. ಓಡುವಾಗ ಕೇಜ್ ಮುರಿದರೆ ಬೇರಿಂಗ್ ಯಾಕೆ ಪೂರ್ತಿ ಸಿಡಿದು ಹೋಗುತ್ತದೆ ಎಂಬುದೂ ಅವತ್ತೇ ಅರ್ಥವಾಯಿತು. ಈಗ ಕೇಜ್ ಮುಟ್ಟುವುದೇ ಇಲ್ಲ.

ತೊಳೆದ ಮೇಲೆ ಬೇರಿಂಗ್ ಪೂರ್ತಿ ಒಣಗಬೇಕು. ನಾರು ಬಿಡದ ಬಟ್ಟೆಯ ಮೇಲೆ ಕುಟ್ಟಿ ಕುಟ್ಟಿ ದ್ರವ ಬೀಳಿಸಿ, ಗಾಳಿಗೆ ಹರಡಿಡುತ್ತೇನೆ. ಹೇರ್ ಡ್ರೈಯರ್ ತಣ್ಣನೆ ಗಾಳಿಯಲ್ಲೂ ಆಗುತ್ತದೆ. ಕಂಪ್ರೆಸರ್ ಗಾಳಿ ಬಿಟ್ಟು ಬೇರಿಂಗನ್ನು ರೊಯ್ಯನೆ ತಿರುಗಿಸುವ ಆಟ ಬೇಡ. ಎಣ್ಣೆಯಿಲ್ಲದೆ ಅಷ್ಟು ಜೋರು ತಿರುಗಿದರೆ ಗುಂಡಿನ ನುಣುಪು ಹೋಗುತ್ತದೆ. ಒಣಗಿದ್ದನ್ನು ಹಾಗೇ ಬಿಡುವಂತೆಯೂ ಇಲ್ಲ, ಆ ಹೊತ್ತಿನಲ್ಲಿ ಉಕ್ಕು ಬರಿಮೈಯಲ್ಲಿರುತ್ತದೆ. ಕೂಡಲೇ ಎಣ್ಣೆ.

ಎಣ್ಣೆ ಎರಡು ಹನಿ. ಮೂರು ಬೇಡ, ಜಾಸ್ತಿಯಾದರೆ ಈಚೆ ಒಸರಿ ದೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಬೇರಿಂಗಿಗೆಂದೇ ಬರುವ ಎಣ್ಣೆ ಒಳ್ಳೆಯದು. ಅದಿಲ್ಲದಾಗ ಹೊಲಿಗೆ ಯಂತ್ರದ ತೆಳು ಎಣ್ಣೆಯಲ್ಲೂ ಕೆಲಸ ನಡೆಸಿದ್ದೇನೆ, ಏನೂ ತೊಂದರೆಯಾಗಿಲ್ಲ. ಅಡುಗೆ ಎಣ್ಣೆ ಮಾತ್ರ ಹಾಕಬೇಡಿ, ದಿನ ಕಳೆದಂತೆ ಅಂಟಾಗುತ್ತದೆ. ಒದ್ದೆ ನೆಲ, ದೂಳಿನ ರಸ್ತೆ ತಪ್ಪದ ದಿನಗಳಲ್ಲಿ ನಾನು ಎಣ್ಣೆಯ ಬದಲು ಗ್ರೀಸ್ ಹಾಕುತ್ತೇನೆ. ಮೊದಮೊದಲು ಚಕ್ರ ಸೋಮಾರಿ ಅನ್ನಿಸುತ್ತದೆ, ಮಗುಚಿ ಹಾಕಿ ತಿರುಗಿಸಿದರೆ ಬೇಗ ನಿಲ್ಲುತ್ತದೆ. ಮೇಲೆ ನಿಂತು ನಾಲ್ಕು ಸಲ ತಳ್ಳಿದರೆ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ. ಗ್ರೀಸ್ ಎಣ್ಣೆಗಿಂತ ಜಾಸ್ತಿ ದಿನ ಬಾಳುತ್ತದೆ.

ಎಲ್ಲವನ್ನೂ ಉಳಿಸಲು ಆಗುವುದಿಲ್ಲ. ತೊಳೆದು ಎಣ್ಣೆ ಹಾಕಿದ ಮೇಲೂ ಕಟಕಟ ನಿಲ್ಲದಿದ್ದರೆ, ಗುಂಡಿನ ದಾರಿಯಲ್ಲಿ ಗುಳಿಯೋ ತುಕ್ಕಿನ ಚುಕ್ಕೆಯೋ ಕಂಡರೆ, ಕೇಜಿನಲ್ಲಿ ಬಿರುಕಿದ್ದರೆ ಅದನ್ನು ಓಡಿಸುವುದಿಲ್ಲ. ಎಂಟನ್ನೂ ಬದಲಿಸಬೇಕಂತಿಲ್ಲ, ಕೆಟ್ಟದ್ದೊಂದನ್ನು ಬದಲಿಸಿದರೂ ನಡೆಯುತ್ತದೆ. ಹಳೇ ಸೆಟ್ಟಿನಲ್ಲಿ ಚೆನ್ನಾಗಿ ಉಳಿದವನ್ನು ಒಂದು ಹನಿ ಎಣ್ಣೆ ಹಾಕಿ ಡಬ್ಬಿಯಲ್ಲಿ ಇಟ್ಟಿರುತ್ತೇನೆ. ಕೆಟ್ಟದ್ದರಲ್ಲೂ ಒಂದನ್ನು ಬಿಸಾಡಿಲ್ಲ. ಹೊಸ ಬೇರಿಂಗ್ ಚಕ್ರಕ್ಕೆ ಒತ್ತುವಾಗ ಅದನ್ನು ಮೇಲಿಟ್ಟು ಒತ್ತುತ್ತೇನೆ. ಅಳತೆ ಒಂದೇ ಆದ್ದರಿಂದ ಹೊರರಿಂಗಿನ ಮೇಲೆ ಹೊರರಿಂಗೇ ಕೂರುತ್ತದೆ, ಹೊಸದು ಓರೆಯಾಗದೆ ನೇರ ಇಳಿಯುತ್ತದೆ. ನಾನು ಮೊದಲ ಸಲ ಸ್ಪ್ರೇ ಹೊಡೆದು ಕೆಡಿಸಿದ ಎಂಟರಲ್ಲಿ ಒಂದು ಅದು.